ಷರತ್ತು ಮುರಿದರೆ ಸೂರೂ ಹೋಗಬೇಕೇ?

ಕೇರಳದ ಗಡಿಯಲ್ಲಿರುವ ಮಂಜೇಶ್ವರ ತಾಲೂಕಿನ ಒಂದು ಪೇಟೆ. ಮನೆಯಿಲ್ಲದವರ ನಡುವೆ ಕೆಲಸ ಮಾಡುವ ಸೇವಾ ಸಂಸ್ಥೆಯೊಂದು ಅಲ್ಲಿ ಒಂದು ಸಾಲು ಕ್ವಾರ್ಟರ್ಸನ್ನು ಮಾಲಕರಿಂದ ಒಟ್ಟಾಗಿ ಬಾಡಿಗೆಗೆ ಹಿಡಿದಿದೆ. ರೈಲು ನಿಲ್ದಾಣದಲ್ಲಿ, ಅಂಗಡಿ ಜಗಲಿಗಳಲ್ಲಿ ಮಲಗುತ್ತಿದ್ದವರಿಗೆ ಒಂದೊಂದು ಕೋಣೆ ಕೊಟ್ಟಿದೆ. ಕೋಣೆಯ ಬಾಡಿಗೆ ತಿಂಗಳಿಗೆ 3,500 ರೂಪಾಯಿ. ಸಾವಿರವನ್ನು ಇರುವವರು ಕೊಡಬೇಕು, ಉಳಿದದ್ದನ್ನು ಸಂಸ್ಥೆ ಭರಿಸುತ್ತದೆ. ಹನ್ನೊಂದು ತಿಂಗಳ ಕರಾರು. ಅದರಲ್ಲಿ ಬಾಡಿಗೆಯ ಮಾತಲ್ಲದೆ ಬೇರೆ ಷರತ್ತುಗಳೂ ಇವೆ: ವಾರಕ್ಕೊಮ್ಮೆ ಸಂಸ್ಥೆಯ ಕಾರ್ಯಕರ್ತೆ ಬಂದಾಗ ಮನೆಯಲ್ಲಿರಬೇಕು, ತಿಂಗಳ ಸಭೆಗೆ ಬರಬೇಕು, ಕುಡಿಯಬಾರದು, ಹೊರಗಿನವರನ್ನು ರಾತ್ರಿ ಇರಿಸಿಕೊಳ್ಳಬಾರದು.

ಐವತ್ತು ದಾಟಿದ, ಬೀಡಿ ಕಟ್ಟಿ ಬದುಕುವ ವಿಧವೆಯೊಬ್ಬರು ಆ ಸಾಲಿನಲ್ಲಿದ್ದಾರೆ. ಒಂದು ತಿಂಗಳ ಬಾಡಿಗೆಯೂ ಬಾಕಿಯಿಲ್ಲ. ಆದರೆ ಕಾರ್ಯಕರ್ತೆ ಬಂದಾಗ ಹಲವು ಸಲ ಬಾಗಿಲಿಗೆ ಬೀಗ ಬಿದ್ದಿತ್ತು. ಸಭೆಗೆ ಹೋಗುವುದನ್ನೂ ಅವರು ನಿಲ್ಲಿಸಿದರು. ಗಂಡನ ಮನೆ ಬಿಟ್ಟು ಬಂದ ತಂಗಿಯ ಮಗಳು ಪುಟ್ಟ ಮಗುವಿನೊಂದಿಗೆ ಮಳೆಗಾಲದ ಆರಂಭದಿಂದಲೂ ಅದೇ ಕೋಣೆಯಲ್ಲಿದ್ದಾಳೆ ಎಂಬುದು ಕೊನೆಗೆ ಹೊರಬಿತ್ತು. ಸಂಸ್ಥೆ ನೋಟೀಸು ಕೊಟ್ಟಿತು: ನೆರವಿನ ಯೋಜನೆಯಿಂದ ನಿಮ್ಮನ್ನು ಕೈಬಿಡಲಾಗಿದೆ, 15 ದಿನಗಳೊಳಗೆ ಕೋಣೆ ತೆರವು ಮಾಡಬೇಕು. ಅವರು ತೆರವು ಮಾಡಲಿಲ್ಲ. ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿದ್ದಾರೆ.

ನೆರವಿನ ಷರತ್ತು ಮುರಿದವರನ್ನು ಮನೆಯಿಂದಲೂ ಹೊರಡಿಸುವ ಹಕ್ಕು ಇಂಥ ಸಂಸ್ಥೆಗೆ ಇರಬೇಕೇ? ಪ್ರಕರಣವನ್ನು ಹತ್ತಿರದಿಂದ ಬಲ್ಲ ಇಬ್ಬರು ಇಲ್ಲಿ ವಾದಿಸಿದ್ದಾರೆ. ಸಂಬಂಧಪಟ್ಟ ಯಾರ ಹೆಸರನ್ನೂ ಹಾಕಿಲ್ಲ.

ಪರ: ನೆರವಿಲ್ಲದೆ ಆ ಕೋಣೆಯೇ ಇರುತ್ತಿರಲಿಲ್ಲ

ನಮ್ಮ ಊರುಗಳಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ‘ನಿಮ್ಮವರು ಯಾರು?’ ಎಂಬುದು. ಒಂಟಿ ಹೆಂಗಸಿನ ಬಳಿ, ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿರುವವನ ಬಳಿ, ನಿಲ್ದಾಣದ ಬೆಂಚಿನಿಂದ ಎದ್ದು ಬಂದ ಮುದುಕನ ಬಳಿ ಇದಕ್ಕೆ ಉತ್ತರವಿಲ್ಲ. ಕೈಯಲ್ಲಿ ಮುಂಗಡ ಹಿಡಿದು ನಿಂತರೂ ‘ಕೋಣೆ ಖಾಲಿ ಇಲ್ಲ’ ಎಂಬ ಮಾತೇ ಬರುತ್ತದೆ. ಈ ಸಾಲಿನ ಮಾಲಕರೂ ಮೊದಲು ಹಾಗೆಯೇ ಹೇಳಿದ್ದರು. ಇವರ ಹೊಣೆ ನಮ್ಮದು, ವಾರ ವಾರ ನಮ್ಮವರು ಬಂದು ನೋಡುತ್ತಾರೆ, ಗಲಾಟೆಯಾದರೆ ನಾವು ಉತ್ತರ ಕೊಡುತ್ತೇವೆ ಎಂದು ಸಂಸ್ಥೆ ಬರೆದುಕೊಟ್ಟ ಮೇಲೆ ಬೀಗದ ಕೈ ಸಿಕ್ಕಿತು. ಆ ಮಾತಿನ ಬಲದ ಮೇಲೆ ಅಷ್ಟೂ ಜನ ಇಂದು ಸೂರಿನಡಿ ಮಲಗುತ್ತಿದ್ದಾರೆ. ಮಾತು ಉಳಿಸಿಕೊಳ್ಳಲು ಬೇಕಾದ ಅಧಿಕಾರವನ್ನು ಸಂಸ್ಥೆಯಿಂದ ಕಸಿದುಕೊಂಡರೆ ಮುಂದಿನ ವರ್ಷ ಮಾಲಕರು ಕರಾರು ಮುಂದುವರಿಸುವುದಿಲ್ಲ. ಆಗ ಒಬ್ಬರಲ್ಲ, ಎಲ್ಲರೂ ಹೊರಗೆ.

ವಾರದ ಭೇಟಿಯನ್ನು ಪಹರೆ ಎಂದು ಕರೆಯುವವರಿದ್ದಾರೆ. ನಾನು ಆ ಕಾರ್ಯಕರ್ತೆಯ ಜೊತೆ ಹಲವು ಸಲ ಹೋಗಿದ್ದೇನೆ. ಆಕೆ ಏನು ಮಾಡುತ್ತಾರೆ ಎಂದು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೊಸ್ತಿಲಲ್ಲಿ ಕುಳಿತುಕೊಳ್ಳುತ್ತಾರೆ. ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಎಷ್ಟು ಗುಳಿ ಖಾಲಿಯಾಗಿದೆ ಎಂದು ಎಣಿಸುತ್ತಾರೆ. ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲು ಗೋಡೆಯ ಮೊಳೆಯಲ್ಲಿ ಹಾಗೆಯೇ ನೇತಾಡುತ್ತಿದ್ದರೆ ಅದನ್ನು ತೆಗೆದು ಕೈಗೆ ಕೊಟ್ಟು ಕೊನೆಯ ದಿನ ಯಾವುದೆಂದು ಹೇಳುತ್ತಾರೆ. ಏಕೆಂದರೆ ತಪ್ಪಿದರೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ, ಮತ್ತೆ ಜೋಡಿಸಲು ದಂಡ ಬೇರೆ. ರೇಷನ್ ಅಂಗಡಿಗೆ ಈ ತಿಂಗಳು ಹೋಗಿದ್ದೀರಾ ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ಪಕ್ಕದ ಕೋಣೆಯವರು ಚಹಾ ತರುತ್ತಾರೆ.

ಆ ಸಾಲಿನ ಕೊನೆಯ ಕೋಣೆಯಲ್ಲಿ ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ, ಹೋಗಲು ಎಲ್ಲೂ ಜಾಗವಿಲ್ಲದೆ ಬಂದ ಕ್ಷಯ ರೋಗಿಯೊಬ್ಬರಿದ್ದರು. ಸಾಧಾರಣ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ತೆಗೆದುಕೊಳ್ಳಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ, ಅಲ್ಲಿಗೆ ಬಹಳ ಮಂದಿ ಬಿಟ್ಟುಬಿಡುತ್ತಾರೆ. ನಡುವೆ ಬಿಟ್ಟರೆ ಔಷಧಿಗೆ ಜಗ್ಗದ ಕ್ಷಯ ಬರುವ ಅಪಾಯವಿದೆ, ಅದು ಅಕ್ಕಪಕ್ಕದವರಿಗೂ ಹರಡುತ್ತದೆ. ಈ ಮನುಷ್ಯ ಬಿಟ್ಟಿದ್ದಾರೆಂದು ಗೊತ್ತಾದದ್ದು ವಾರದ ಭೇಟಿಯಲ್ಲಿ. ಬಾಗಿಲು ತೆರೆಯುವುದು ಬಿಡುವುದು ಅವರ ಇಷ್ಟ ಎಂದಿದ್ದರೆ ಅವರು ಆ ದಿನ ತೆರೆಯುತ್ತಿರಲಿಲ್ಲ. ಅವರೇ ಆಮೇಲೆ ಹಾಗೆಂದರು.

ಮನೆಯೇ ಮೊದಲು, ಉಳಿದದ್ದು ಆಮೇಲೆ ಎಂಬ ಪದ್ಧತಿಯನ್ನು ಇಂದು ಎಲ್ಲರೂ ಹೊಗಳುತ್ತಾರೆ. ನ್ಯೂಯಾರ್ಕಿನಲ್ಲಿ 1992ರಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಆರಂಭಿಸಿದ ‘ಪಾತ್‌ವೇಸ್ ಟು ಹೌಸಿಂಗ್’ ಅದರ ಮೂಲ. ಕುಡಿತ ಬಿಟ್ಟರೆ ಮನೆ, ಚಿಕಿತ್ಸೆಗೆ ಒಪ್ಪಿದರೆ ಮನೆ ಎಂಬ ಹಳೆಯ ಕ್ರಮವನ್ನು ಅವರು ತಲೆಕೆಳಗು ಮಾಡಿದರು, ನಿಜ. ಆದರೆ ಅಲ್ಲಿಯೂ ಎರಡು ಷರತ್ತುಗಳಿದ್ದವು: ಆದಾಯದ ಶೇಕಡ 30ರಷ್ಟು ಬಾಡಿಗೆಗೆ ಕೊಡಬೇಕು, ತಿಂಗಳಿಗೆ ಕನಿಷ್ಠ ಎರಡು ಸಲ ಸಿಬ್ಬಂದಿಯನ್ನು ಭೇಟಿಯಾಗಬೇಕು. ಜಗತ್ತಿನ ಅತ್ಯಂತ ಉದಾರ ಪದ್ಧತಿ ಎನಿಸಿಕೊಂಡದ್ದೂ ಭೇಟಿಯನ್ನು ಬಿಟ್ಟುಕೊಡಲಿಲ್ಲ.

ಇನ್ನು ಆ ಕೋಣೆಗಾಗಿ ಕಾಯುತ್ತಿರುವವರ ವಿಚಾರ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಆಶ್ರಯ ತಾಣ ಇರಬೇಕು ಎಂಬ ಲೆಕ್ಕ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶಗಳ ಹಿನ್ನೆಲೆ ಅದಕ್ಕಿದೆ. ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 54,000. ಮಂಜೇಶ್ವರ ತಾಲೂಕಿನಲ್ಲಂತೂ ಇರುವುದೆಲ್ಲ ಗ್ರಾಮ ಪಂಚಾಯತುಗಳೇ, ಒಂದೂ ನಗರಸಭೆಯಿಲ್ಲ. ಉಪ್ಪಳದಲ್ಲೋ ಕುಂಬಳೆಯಲ್ಲೋ ರಾತ್ರಿ ಬೀದಿಯಲ್ಲಿ ಉಳಿದವನಿಗೆ ಆ ಲೆಕ್ಕದಿಂದ ಏನೂ ಬರುವುದಿಲ್ಲ. ಅಂಥವರಿಗೆ ಕೈಗೆಟಕುವುದು ಇಂಥ ಒಂದೆರಡು ಸಾಲು ಕೋಣೆಗಳು ಮಾತ್ರ. ಅವುಗಳಲ್ಲಿ ಒಂದನ್ನು, ನೆರವು ಬೇಡ ಎನ್ನುವವರು ಇಷ್ಟು ಕಾಲ ಹಿಡಿದಿಟ್ಟುಕೊಳ್ಳಬಹುದು ಎಂದಾದರೆ ನೆರವು ಬೇಕೆಂದು ಬೇಡುವವರು ಎಲ್ಲಿಗೆ ಹೋಗಬೇಕು?

ತಂಗಿಯ ಮಗಳ ವಿಷಯದಲ್ಲಿ ಎಲ್ಲರಂತೆ ನನ್ನ ಕರುಳೂ ಚುರುಕ್ ಎನ್ನುತ್ತದೆ. ಆದರೆ ಅವಳ ಗಂಡ ಒಂದು ರಾತ್ರಿ ಕುಡಿದು ಬಂದು ಬಾಗಿಲು ಬಡಿದು ಸಾಲಿಡೀ ಎಬ್ಬಿಸಿದ್ದಾನೆ. ಪಕ್ಕದ ಕೋಣೆಯಲ್ಲಿರುವಾಕೆ ಅಂಥದೇ ಗಂಡನಿಂದ ಓಡಿ ಬಂದವಳು. ಆ ರಾತ್ರಿ ಅವಳು ಬಾಗಿಲಿಗೆ ಮಂಚ ಅಡ್ಡಹಾಕಿ ಕುಳಿತಳು. ಹೊರಗಿನವರು ರಾತ್ರಿ ಇರಬಾರದು ಎಂಬ ಷರತ್ತು ಯಾರದೋ ನೈತಿಕ ಪಾಠಕ್ಕಾಗಿ ಬಂದದ್ದಲ್ಲ, ಅವಳಂಥವರಿಗಾಗಿ ಬಂದದ್ದು. ಅಮ್ಮ-ಮಗುವನ್ನು ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರಕ್ಕೆ ಕರೆದೊಯ್ಯುತ್ತೇವೆ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಲು ಜೊತೆಗೆ ಬರುತ್ತೇವೆ ಎಂದು ಸಂಸ್ಥೆ ಹೇಳಿತ್ತು. ದೊಡ್ಡಮ್ಮ ಒಪ್ಪಲಿಲ್ಲ.

ಕಾನೂನಿನ ಮಾತಿಗೆ ಬರುವುದಾದರೆ, ಬಾಡಿಗೆದಾರರ ಎಲ್ಲ ರಕ್ಷಣೆಯೂ ಇಲ್ಲಿಗೆ ಅನ್ವಯಿಸಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಹಾಸ್ಟೆಲಿನ ಕೋಣೆಯಲ್ಲಿರುವ ವಿದ್ಯಾರ್ಥಿ ಬಾಡಿಗೆದಾರನಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೆಯ ಕಲಮು ಹೇಳುವಂತೆ ಇನ್ನೊಬ್ಬರ ಸ್ವತ್ತಿನಲ್ಲಿ ಇರಲು ಕೊಟ್ಟ ಅನುಮತಿ ಮಾತ್ರ ಅವನದ್ದು. ಒಂದು ಉದ್ದೇಶಕ್ಕಾಗಿ ಕೊಟ್ಟ ಅನುಮತಿ, ಆ ಉದ್ದೇಶ ಮುಗಿದಾಗ ಮುಗಿಯಬೇಕು. 1985ರ ಓಲ್ಗಾ ಟೆಲ್ಲಿಸ್ ತೀರ್ಪನ್ನು ಎದುರು ಪಕ್ಷದವರು ತರುತ್ತಾರೆಂದು ಗೊತ್ತು. ಜೀವನೋಪಾಯದ ಹಕ್ಕು ಬದುಕುವ ಹಕ್ಕಿನೊಳಗೆ ಬರುತ್ತದೆ ಎಂದು ಆ ತೀರ್ಪು ಹೇಳಿತು. ಮುಂಬಯಿಯ ಫುಟ್‌ಪಾತಿನ ಗುಡಿಸಲುಗಳನ್ನು ತೆರವುಗೊಳಿಸಲು ಕೊನೆಗೆ ಅವಕಾಶ ಕೊಟ್ಟದ್ದೂ ಅದೇ ತೀರ್ಪು. ಮೇಲಾಗಿ ಆ ಹಕ್ಕಿಗೆ ಉತ್ತರ ಹೇಳಬೇಕಾದದ್ದು ಸರಕಾರ. ದಾನಿಗಳ ಮುಂದೆ ಕೈಯೊಡ್ಡಿ ತಿಂಗಳ ಬಾಡಿಗೆ ಹೊಂದಿಸುವ ಸಂಸ್ಥೆಯ ತಲೆಗೆ ಅದನ್ನು ಕಟ್ಟಬಾರದು.

ನೋಟೀಸಿನಲ್ಲಿ 15 ದಿನ ಕೊಟ್ಟದ್ದು ಕಡಿಮೆಯಾಯಿತು. ಕಾಗದಪತ್ರ ಕನ್ನಡದಲ್ಲಿಯೂ ಇರಬೇಕಿತ್ತು. ಎರಡನ್ನೂ ಸಂಸ್ಥೆ ಸರಿಪಡಿಸಿಕೊಳ್ಳಲಿ. ಆದರೆ ಕ್ರಮದ ದೋಷವನ್ನು ಮುಂದಿಟ್ಟು ಹಕ್ಕನ್ನೇ ಕಿತ್ತುಕೊಳ್ಳುವುದು ಅನ್ಯಾಯ. ಆ ಕಾರ್ಯಕರ್ತೆ ತಿಂಗಳುಗಟ್ಟಲೆ ಬೀಗ ಹಾಕಿದ ಬಾಗಿಲ ಮುಂದೆ ನಿಂತು ವಾಪಸು ಹೋಗಿದ್ದಾರೆ. ಇನ್ನೊಂದು ಸಲ, ಇನ್ನೊಂದು ಸಲ ಎಂದು ಸಂಸ್ಥೆಯನ್ನು ತಡೆದು ನಿಲ್ಲಿಸಿದವರೂ ಅವರೇ.

ವಿರೋಧ: ಬಾಡಿಗೆ ಕೊಟ್ಟವರ ಮನೆ ಅದು

ಆ ವಿಧವೆಯ ಅರ್ಜಿಯನ್ನು ಬರೆದುಕೊಟ್ಟವನು ನಾನು. ಹಾಗಾಗಿ ಬೀಗದ ವಿಚಾರದಿಂದಲೇ ಆರಂಭಿಸುತ್ತೇನೆ.

ಭೇಟಿಯ ದಿನ ಶನಿವಾರ. ಆ ಪೇಟೆಯ ಬೀಡಿ ಬ್ರಾಂಚಿಗೆ ಬೀಡಿ ಕೊಡುವ ದಿನವೂ ಶನಿವಾರವೇ. ಬೀಡಿ ಕಟ್ಟುವವರಿಗೆ ವಾರದಲ್ಲಿ ತಪ್ಪಿಸಬಾರದ ದಿನವೆಂದರೆ ಅದು. ಬೆಳಗ್ಗೆ ಹೋಗಿ ಸಾಲಿನಲ್ಲಿ ಕೂರಬೇಕು. ಬ್ರಾಂಚಿನವರು ಕಟ್ಟು ಕಟ್ಟು ತಿರುವಿ ನೋಡುತ್ತಾರೆ, ಸಡಿಲವಾದದ್ದನ್ನೂ ತುದಿ ಮಡಚದ್ದನ್ನೂ ಬದಿಗೆ ಹಾಕುತ್ತಾರೆ, ಅದರ ಮಜೂರಿ ಇಲ್ಲ. ಬಳಿಕ ಪುಸ್ತಕದಲ್ಲಿ ಬರೆದು ಮುಂದಿನ ವಾರಕ್ಕೆ ಎಲೆಯನ್ನೂ ಹೊಗೆಸೊಪ್ಪಿನ ಹುಡಿಯನ್ನೂ ತೂಗಿ ಕೊಡುತ್ತಾರೆ. ಆ ದಿನ ಹೋಗದಿದ್ದರೆ ಒಂದು ವಾರ ಎಲೆಯಿಲ್ಲ, ಎಲೆಯಿಲ್ಲದಿದ್ದರೆ ಕೂಲಿಯಿಲ್ಲ, ಕೂಲಿಯಿಲ್ಲದಿದ್ದರೆ ಸಂಸ್ಥೆಗೆ ಕೊಡುವ ಸಾವಿರ ರೂಪಾಯಿಯೂ ಇಲ್ಲ. ‘ಬೇರೆ ದಿನ ಬಾ ಮಗಳೇ’ ಎಂದು ಅವರು ಕಾರ್ಯಕರ್ತೆಗೆ ಹೇಳಿದ್ದಾರೆ. ಬೇರೆ ದಿನಗಳಲ್ಲಿ ಬೇರೆ ಊರಿನ ಕೋಣೆಗಳಿವೆ ಎಂಬ ಉತ್ತರ ಸಿಕ್ಕಿತು. ಆಕೆಯನ್ನು ನಾನು ದೂರುವುದಿಲ್ಲ. ಆಕೆಯ ಮೇಲೂ ಹೊರೆ ಹೆಚ್ಚಿದೆ. ಆದರೆ ದುಡಿಯಲು ಹೋದ ಹೆಂಗಸಿನ ಬಾಗಿಲಿನ ಬೀಗವನ್ನು ‘ಅಸಹಕಾರ’ ಎಂದು ಕಡತದಲ್ಲಿ ಬರೆದವರು ಉತ್ತರ ಹೇಳಲೇಬೇಕು.

ಕರಾರಿನ ಪ್ರತಿ ನನ್ನ ಕೈಗೆ ಬಂದಾಗ ಅದು ಪೂರ್ತಿ ಮಲಯಾಳದಲ್ಲಿತ್ತು. ಅವರು ಮನೆಯಲ್ಲಿ ತುಳು ಆಡುತ್ತಾರೆ, ಓದಿದ್ದು ಐದನೆಯವರೆಗೆ ಕನ್ನಡ. ಭೇಟಿಗೆ ಸಿಗದಿದ್ದರೆ ಕೋಣೆ ಬಿಡಬೇಕು ಎಂಬ ಸಾಲನ್ನು ನಾನು ಓದಿ ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು. ‘ಬಾಡಿಗೆ ತಪ್ಪಿಸಬಾರದು ಎಂದು ಮಾತ್ರ ಹೇಳಿದ್ದರು ಅಣ್ಣಾ’ ಎಂದರು. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು. ಸಂಸ್ಥೆ ಸರಕಾರವಲ್ಲ, ಆ ಕಾಯ್ದೆ ಅದಕ್ಕೆ ಅನ್ವಯಿಸದು. ಆದರೆ 1872ರ ಕರಾರು ಕಾಯ್ದೆ ಅನ್ವಯಿಸುತ್ತದೆ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ ಎಂದು ಅದರ 13ನೆಯ ಕಲಮು ಹೇಳುತ್ತದೆ. ರಾತ್ರಿ ಮಲಗಲು ಜಾಗವಿಲ್ಲದವಳ ಮುಂದೆ ಬೀಗದ ಕೈಯನ್ನೂ ಓದಲು ಬಾರದ ಕಾಗದವನ್ನೂ ಒಟ್ಟಿಗೆ ಇಟ್ಟರೆ ಅವಳು ಯಾವುದಕ್ಕೆ ಹೆಬ್ಬೆಟ್ಟು ಒತ್ತಿದಳು ಎಂದು ಹೇಳುವುದು ಕಷ್ಟವಲ್ಲ. ಇದನ್ನು ‘ಕ್ರಮದ ದೋಷ’ ಎಂದು ಒಂದು ವಾಕ್ಯದಲ್ಲಿ ದಾಟಿಹೋಗಲು ನಾನು ಬಿಡುವುದಿಲ್ಲ. ಷರತ್ತು ಮುರಿದರು ಎಂಬ ಇಡೀ ಆರೋಪ ನಿಂತಿರುವುದು ಆ ಕಾಗದದ ಮೇಲೆ.

ಹಾಸ್ಟೆಲಿನ ಹೋಲಿಕೆ ಇಲ್ಲಿ ಸಲ್ಲದು. ಹಾಸ್ಟೆಲಿನ ವಾರ್ಡನ್ ಬಳಿ ಕೋಣೆಯ ಇನ್ನೊಂದು ಕೀಲಿಕೈ ಇರುತ್ತದೆ, ಅಡಿಗೆ ಅವರದ್ದು, ಬಾಗಿಲು ಮುಚ್ಚುವ ಹೊತ್ತೂ ಅವರದ್ದು. ಈ ಕೋಣೆಯ ಕೀಲಿಕೈ ಇಲ್ಲಿರುವ ಆ ಹೆಂಗಸಿನ ಬಳಿ ಮಾತ್ರ ಇದೆ. ಒಲೆ ಅವರದ್ದು, ಕರೆಂಟ್ ಬಿಲ್ಲು ಕಟ್ಟುವವರು ಅವರು, ತಿಂಗಳು ತಿಂಗಳು ಬಾಡಿಗೆಗೆ ರಸೀದಿ ಪಡೆಯುವವರು ಅವರು. ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ 1959ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದ ಮಾತು ಇದು: ಕಾಗದಕ್ಕೆ ಕೊಟ್ಟ ಹೆಸರು ನೋಡಬೇಡಿ, ಒಳಗಿನ ಸಂಬಂಧ ನೋಡಿ, ಬೇರೆಯವರನ್ನು ಹೊರಗಿಟ್ಟು ತಾವೇ ಸ್ವಾಧೀನದಲ್ಲಿದ್ದಾರೆಂದಾದರೆ ಮೇಲ್ನೋಟಕ್ಕೆ ಅವರು ಬಾಡಿಗೆದಾರರು. ಕೇರಳದ 1965ರ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆ ಜಾರಿಯಲ್ಲಿರುವ ಕಡೆ ಬಾಡಿಗೆದಾರರನ್ನು ಹೊರಡಿಸಬೇಕಾದರೆ 11ನೆಯ ಕಲಮಿನಲ್ಲಿ ಹೇಳಿದ ಕಾರಣಗಳೇ ಬೇಕು, ಅದೂ ಬಾಡಿಗೆ ನಿಯಂತ್ರಣ ನ್ಯಾಯಾಲಯದ ಆದೇಶದಿಂದ. ಬಾಡಿಗೆ ಬಾಕಿ ಒಂದು ಕಾರಣ, ಮಾಲಕರಿಗೆ ಸ್ವಂತಕ್ಕೆ ಬೇಕಾಗಿದೆ ಎಂಬುದು ಇನ್ನೊಂದು. ಸಭೆಗೆ ಬರಲಿಲ್ಲ ಎಂಬುದು ಅಲ್ಲಿಲ್ಲ. ಬಾಕಿ ಇಟ್ಟವರಿಗೂ ಆ ಕಾಯ್ದೆ ಬಾಕಿ ಕಟ್ಟಿ ಮನೆ ಉಳಿಸಿಕೊಳ್ಳುವ ಅವಕಾಶ ಕೊಡುತ್ತದೆ. ಬಾಕಿಯೇ ಇಲ್ಲದವರಿಗೆ ಸಂಸ್ಥೆ ಅಷ್ಟನ್ನೂ ಕೊಟ್ಟಿಲ್ಲ. ಕಾಯ್ದೆ ಜಾರಿಯಲ್ಲಿಲ್ಲದ ಊರಿನಲ್ಲಿಯೂ ಸಿವಿಲ್ ನ್ಯಾಯಾಲಯವಿದೆ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು ಎಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮು ಹೇಳುತ್ತದೆ. ಸಂಸ್ಥೆಯ ಉದ್ದೇಶ ಒಳ್ಳೆಯದು ಎಂಬ ಕಾರಣಕ್ಕೆ ಇವೆಲ್ಲ ಇಲ್ಲವಾಗುವುದಿಲ್ಲ.

ಆದರೆ ನನ್ನ ನಿಜವಾದ ತಕರಾರು ಕಾನೂನಿನದ್ದಲ್ಲ. ಸೂರನ್ನು ಪಣವಾಗಿಟ್ಟ ಮೇಲೆ ನೆರವು ನೆರವಾಗಿ ಉಳಿಯುವುದಿಲ್ಲ. ತಂಗಿಯ ಮಗಳು ಬಂದ ವಿಷಯವನ್ನು ಅವರು ಏಕೆ ಮುಚ್ಚಿಟ್ಟರು? ಹೇಳಿದರೆ ಕೋಣೆ ಹೋಗುತ್ತದೆ ಎಂಬ ಹೆದರಿಕೆಯಿಂದ. ಷರತ್ತು ಇಲ್ಲದಿದ್ದರೆ ಮೊದಲ ವಾರವೇ ಕಾರ್ಯಕರ್ತೆಯ ಮುಂದೆ ಹೇಳಿಕೊಳ್ಳುತ್ತಿದ್ದರು, ಆ ಗಂಡ ಬಾಗಿಲಿಗೆ ಬಂದು ಬಡಿಯುವ ಮೊದಲೇ ಪೊಲೀಸರಿಗೆ ದೂರು ಹೋಗುತ್ತಿತ್ತು. ಪಕ್ಕದ ಕೋಣೆಯವಳು ಮಂಚ ಅಡ್ಡಹಾಕಿ ಕುಳಿತ ಆ ರಾತ್ರಿಯನ್ನು ತಂದೊಡ್ಡಿದ್ದರಲ್ಲಿ ಆ ಷರತ್ತಿನ ಪಾಲೂ ಇದೆ. ಬಾಗಿಲು ಬಡಿದವನು ಅವನು; ಶಿಕ್ಷೆ ಮಾತ್ರ ಬಾಗಿಲೊಳಗೆ ಇದ್ದ ಮೂವರಿಗೆ. ಕ್ಷಯದ ರೋಗಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಆ ಭೇಟಿ ಅವರ ಜೀವ ಉಳಿಸಿರಬಹುದು. ಆದರೆ ಹೆದರಿ ಬಾಗಿಲು ತೆರೆದವರು ಮಾತ್ರೆಯ ಖಾಲಿ ಗುಳಿಗಳನ್ನೂ ಹೆದರಿಯೇ ತೋರಿಸುತ್ತಾರೆ. ಒಳಗಿದ್ದ ಮಾತ್ರೆ ಹೊಟ್ಟೆಗೆ ಹೋಯಿತೋ ತೋಡಿಗೆ ಹೋಯಿತೋ ಯಾರು ಬಲ್ಲರು? ಮನೆಗೆ ಕುತ್ತಿಲ್ಲ ಎಂದು ಗೊತ್ತಿರುವ ರೋಗಿ ಮಾತ್ರ ‘ನಾನು ನಿಲ್ಲಿಸಿದ್ದೇನೆ’ ಎಂದು ಬಾಯಿಬಿಟ್ಟು ಹೇಳಬಲ್ಲ.

ಸಖಿ ಕೇಂದ್ರದ ವಿಚಾರವೂ ಅರ್ಧವೇ ಹೇಳಿದಂತಾಯಿತು. ಆ ಯೋಜನೆಯ ಮಾರ್ಗಸೂಚಿಯಂತೆ ಅಲ್ಲಿ ತಾತ್ಕಾಲಿಕವಾಗಿ ಇರಲು ಸಿಗುವುದು ಐದು ದಿನ. ಆರನೆಯ ದಿನ ಆ ಹುಡುಗಿ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ದೊಡ್ಡಮ್ಮನ ಮನೆಗೇ ಹೋಗುತ್ತಾಳೆ. ತುಳುನಾಡಿನಲ್ಲಿ ತಂಗಿಯ ಮಗಳು ದೊಡ್ಡಮ್ಮನಿಗೆ ಸ್ವಂತ ಮಗಳೇ. ಅವಳನ್ನು ‘ಹೊರಗಿನವರು’ ಎಂದು ಬರೆದ ಕರಾರನ್ನು ನಮ್ಮ ಊರಿನ ಯಾವ ಮನೆಯವರೂ ಪಾಲಿಸಲಾರರು.

ಪೇಟೆಯಲ್ಲಿ ಒಂದು ಮಾತು ಹರಿದಾಡುತ್ತಿದೆ: ಉಂಡ ಮನೆಗೆ ಎರಡು ಬಗೆದಳು. ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಸಾವಿರ ರೂಪಾಯಿ ಅವರಿಗೆ ಸಣ್ಣ ಮೊತ್ತವಲ್ಲ. ಬೆರಳ ತುದಿ ಕಪ್ಪಾಗುವವರೆಗೆ ಕುಳಿತು ಕಟ್ಟಿದ ಬೀಡಿಯ ದುಡ್ಡು ಅದು. ಅವರು ಯಾರ ಮನೆಯಲ್ಲೂ ಉಂಡಿಲ್ಲ, ತಮ್ಮ ಬಾಡಿಗೆಯ ಪಾಲನ್ನು ಕೊಟ್ಟಿದ್ದಾರೆ. ಉಳಿದ ಪಾಲು ದಾನಿಗಳದ್ದು ಎಂಬುದು ಸತ್ಯ. ಆದರೆ ದಾನ ಪಡೆದವರು ಬಾಗಿಲು ಮುಚ್ಚಿಕೊಳ್ಳುವ ಹಕ್ಕನ್ನೂ ಅದರ ಜೊತೆಗೆ ಕೊಟ್ಟುಬಿಡಬೇಕು ಎಂಬ ಕಟ್ಟಳೆ ಎಲ್ಲಿಯದ್ದು?

ಕಾಯುವವರ ಪಟ್ಟಿಯನ್ನು ಮುಂದಿಡುತ್ತಾರೆ. ಈ ಮೂವರನ್ನು ಹೊರಗೆ ಹಾಕಿ ಒಬ್ಬರನ್ನು ಒಳಗೆ ತಂದರೆ ಬೀದಿಯಲ್ಲಿರುವವರ ಸಂಖ್ಯೆ ಕಡಿಮೆಯಾಗುತ್ತದೆಯೇ? ಹೊರಗೆ ಬಿದ್ದವರು ಕಳೆದುಕೊಳ್ಳುವುದು ಗೋಡೆಗಳನ್ನು ಮಾತ್ರವಲ್ಲ. ಆ ಕೋಣೆಯ ವಿಳಾಸದ ಮೇಲೆ ಅವರ ರೇಷನ್ ಕಾರ್ಡು ಇದೆ. ಆ ಕಾರ್ಡು ಹಿಡಿದು ಅವರು ಸರಕಾರದ ‘ಲೈಫ್’ ವಸತಿ ಯೋಜನೆಗೆ ಅರ್ಜಿ ಹಾಕಬೇಕೆಂದಿದ್ದರು. ಇಲ್ಲಿ ಹುಟ್ಟಿ ಕರ್ನಾಟಕಕ್ಕೆ ಮದುವೆಯಾಗಿ, ವಿಧವೆಯಾಗಿ ಮರಳಿದವರು ನಮ್ಮ ಗಡಿಯಲ್ಲಿ ಬಹಳ ಮಂದಿ. ಕರ್ನಾಟಕದ ಕಾರ್ಡಿನಿಂದ ಹೆಸರು ತೆಗೆಸಿ ಇಲ್ಲಿ ಸೇರಿಸಲು ಅವರು ಅಲೆಯುವ ಅಲೆದಾಟವನ್ನು ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಅಕ್ಷಯ ಕೇಂದ್ರದ ಬೆಂಚಿನಲ್ಲಿ ಕುಳಿತವರು ಬಲ್ಲರು. ಕೇರಳವನ್ನು ಅತಿ ದಾರಿದ್ರ್ಯಮುಕ್ತ ರಾಜ್ಯವೆಂದು 2025ರ ನವೆಂಬರ್ 1ರಂದು ಘೋಷಿಸಲಾಯಿತು. ಸಮೀಕ್ಷೆಯಲ್ಲಿ ಗುರುತಿಸಿದ ಕುಟುಂಬಗಳು 64,006. ಗಡಿ ದಾಟುತ್ತ ಬದುಕುವವರು, ವಾರ್ಡಿನಲ್ಲಿ ವಿಳಾಸವಿಲ್ಲದವರು ಇಂಥ ಪಟ್ಟಿಗಳಿಂದ ತಪ್ಪಿಹೋಗುವುದು ಬಲು ಸುಲಭ. ಬಹಳ ಕಷ್ಟದಿಂದ ಒಂದು ವಿಳಾಸ ಸಂಪಾದಿಸಿದವರನ್ನು 15 ದಿನದ ಕಾಗದದಿಂದ ಮತ್ತೆ ಪಟ್ಟಿಯ ಹೊರಗೆ ತಳ್ಳಬೇಕೇ?

ನ್ಯೂಯಾರ್ಕಿನ ಎರಡು ಷರತ್ತುಗಳನ್ನು ಎದುರು ಪಕ್ಷದವರು ಸರಿಯಾಗಿಯೇ ಹೇಳಿದ್ದಾರೆ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. 2008ರಿಂದ ಫಿನ್ಲೆಂಡ್ ಅದೇ ತತ್ವವನ್ನು ದೇಶದ ನೀತಿಯಾಗಿ ಹಿಡಿದಾಗ, ಅಲ್ಲಿ ಮನೆ ಪಡೆದವರ ಕೈಗೆ ಎಲ್ಲರಂತೆಯೇ ಬಾಡಿಗೆ ಕರಾರು ಬಂತು. ನೆರವಿನ ಏರ್ಪಾಡು ಅದರಿಂದ ಬೇರೆ. ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಚೆನ್ನೈಯಲ್ಲಿ 1993ರಲ್ಲಿ ಆರಂಭವಾದ ‘ದಿ ಬಾನಿಯನ್’ ಸಂಸ್ಥೆ, ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಗಳಲ್ಲಿ ಉಳಿದುಹೋದವರಿಗೆ ಊರ ನಡುವೆ ಸಾಧಾರಣ ಮನೆಗಳನ್ನು ಬಾಡಿಗೆಗೆ ಹಿಡಿದು, ಅಗತ್ಯವಿದ್ದಷ್ಟು ನೆರವು ಕೊಟ್ಟು ಬದುಕು ಕಟ್ಟಿಸಿದೆ. ಕೇರಳದಲ್ಲಿಯೂ ಅವರ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೆಯ ಕಲಮು, ಕಾಯಿಲೆ ಇರುವವರಿಗೂ ಸಮಾಜದ ನಡುವೆ ಬದುಕುವ ಹಕ್ಕಿದೆ ಎನ್ನುತ್ತದೆ. ಬುದ್ಧಿ ಸ್ಥಿಮಿತದಲ್ಲಿರುವ, ದುಡಿಯುವ, ಬಾಡಿಗೆ ಕಟ್ಟುವ ಹೆಂಗಸಿಗೆ ನಾವು ಅದಕ್ಕಿಂತ ಕಡಿಮೆ ಕೊಡಹೊರಟಿದ್ದೇವೆ.

ಮಾಲಕರ ಭಯ ಮಾತ್ರ ನಿಜವಾದದ್ದು, ಅದಕ್ಕೆ ಉತ್ತರ ಬೇಕು. ಸಂಸ್ಥೆ ಮಾಲಕರಿಗೆ ಬಾಡಿಗೆಯ ಖಾತರಿ ಕೊಡಲಿ, ಗೋಡೆ ಬಾಗಿಲು ಕೆಟ್ಟರೆ ರಿಪೇರಿಯ ಖಾತರಿ ಕೊಡಲಿ, ರಾತ್ರಿ ಗಲಾಟೆಯಾದರೆ ಫೋನ್ ಎತ್ತುವ ಒಬ್ಬರನ್ನು ಕೊಡಲಿ. ಒಳಗಿರುವವರ ನಡತೆಗೆ ಖಾತರಿ ಕೊಡಲು ಸಂಸ್ಥೆಗೆ ಯಾವ ಅಧಿಕಾರವೂ ಇಲ್ಲ. ಹಾಗೆ ಮಾತು ಕೊಟ್ಟದ್ದೇ ತಪ್ಪು, ಆ ತಪ್ಪಿನ ಬೆಲೆಯನ್ನು ಬಾಡಿಗೆದಾರರಿಂದ ವಸೂಲಿ ಮಾಡಬಾರದು. ಸಾಲಿನಲ್ಲಿ ಯಾರಾದರೂ ಪಕ್ಕದವರ ಮೇಲೆ ಕೈ ಮಾಡಿದರೆ, ಜೀವಕ್ಕೆ ಅಪಾಯ ತಂದರೆ, ಆಗ ಹೊರಡಿಸಬೇಕಾಗಬಹುದು. ಅಂಥವರಿಗೂ ನ್ಯಾಯಾಲಯದ ದಾರಿಯೇ ಇರಲಿ.

ಕಾನೂನು ಸೇವಾ ಸಮಿತಿಯ ಮುಂದೆ ನಾವು ಕೇಳಿರುವುದು ಇಷ್ಟು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗಬೇಕು, ಅದು ಸಿಕ್ಕಿದೆ. ಸಂಸ್ಥೆ ಮೊದಲು ನೋಟೀಸು ಹಿಂತೆಗೆದುಕೊಳ್ಳಲಿ. ಬಾಡಿಗೆಯದ್ದೊಂದು, ನೆರವಿನದ್ದೊಂದು ಎಂದು ಎರಡು ಬೇರೆ ಬೇರೆ ಕಾಗದವಾಗಲಿ, ಎರಡೂ ಕನ್ನಡದಲ್ಲಿರಲಿ. ಎರಡನೆಯದಕ್ಕೆ ಸಹಿ ಹಾಕುವುದೂ ಬಿಡುವುದೂ ಅವರಿಗೆ ಬಿಟ್ಟದ್ದಾಗಲಿ. ಹುಡುಗಿ ಮತ್ತು ಮಗು ಅಲ್ಲಿ ಇರುವುದಕ್ಕೆ ಬರೆಹದಲ್ಲಿ ಒಪ್ಪಿಗೆ ಕೊಡಲಿ, ಅವಳ ಗಂಡನ ವಿರುದ್ಧ ರಕ್ಷಣಾ ಆದೇಶಕ್ಕೆ ಸಂಸ್ಥೆಯೇ ಜೊತೆ ನಿಲ್ಲಲಿ. ಭೇಟಿಯ ದಿನ ಶನಿವಾರ ಬಿಟ್ಟು ಬೇರೆ ಯಾವುದಾದರೂ ಆಗಲಿ. ಬುಧವಾರವಾದರೆ ತಾನು ಮನೆಯಲ್ಲಿರುತ್ತೇನೆ ಎಂದು ಅವರು ಅರ್ಜಿಯ ಕೊನೆಗೆ ನನ್ನಿಂದ ಬರೆಸಿದ್ದಾರೆ.